ಒಳಗಿನ ಮಗುವಿಗೆ ಮೊದಲು ಬೇಕಾದದ್ದು ಒಬ್ಬ ದೊಡ್ಡವರು: ಬಾಲ್ಯದ ಗಾಯಕ್ಕೆ ಹಂತ ಹಂತದ ಅಭ್ಯಾಸ

'ಇನ್ನರ್ ಚೈಲ್ಡ್' ಅಭ್ಯಾಸವನ್ನು, ಅಂದರೆ ಬಾಲ್ಯದಲ್ಲಿ ನೊಂದು ನಮ್ಮೊಳಗೇ ಉಳಿದುಹೋದ ಮಗುವನ್ನು ಸಂತೈಸುವುದನ್ನು, ಯೂಟ್ಯೂಬ್ ಆಡಿಯೊ ಕೇಳಿಕೊಂಡು ಶುರು ಮಾಡುವವರು ಸಾಮಾನ್ಯವಾಗಿ ಕೊನೆಯ ಹಂತದಿಂದ ಶುರು ಮಾಡುತ್ತಾರೆ. ಕಣ್ಣು ಮುಚ್ಚಿ ಬಾಲ್ಯದ ಅತಿ ಕೆಟ್ಟ ದಿನಕ್ಕೆ ನೇರವಾಗಿ ಹೋಗುತ್ತಾರೆ, ಅಳುತ್ತಾರೆ, ಎರಡು ರಾತ್ರಿ ನಿದ್ದೆಗೆಡುತ್ತಾರೆ, 'ಇದು ನಮಗೆ ಆಗಿಬರಲ್ಲ' ಎಂದು ಬಿಟ್ಟುಬಿಡುತ್ತಾರೆ. ತೊಂದರೆ ಇರುವುದು ಅಭ್ಯಾಸದಲ್ಲಲ್ಲ, ಅದನ್ನು ಮಾಡಿದ ಕ್ರಮದಲ್ಲಿ.

ಇಲ್ಲಿ ಇಬ್ಬರು ಬೇಕು: ಅಂದು ಹೆದರಿ ಮುದುಡಿದ್ದ ಮಗು, ಇಂದು ದೊಡ್ಡವರಾಗಿರುವ ನೀವು. ಮಗು ಸಲೀಸಾಗಿ ಸಿಗುತ್ತದೆ. ಬಾಸ್ ದನಿ ಏರಿಸಿದರೆ ಸಾಕು, ಅದು ಎದ್ದು ಬರುತ್ತದೆ. ಸಿಗದೇ ಇರುವುದು ದೊಡ್ಡವರು. ಬಾವಿಗೆ ಬಿದ್ದ ಮಗುವನ್ನು ಎತ್ತಲು ಈಜು ಬಾರದವರು ಹಾರಿದರೆ ಮುಳುಗುವುದು ಇಬ್ಬರೂ. ಹಾಗಾಗಿ ಈ ಮಾರ್ಗದರ್ಶಿಯ ಮೊದಲರ್ಧ ನೆನಪುಗಳ ಹತ್ತಿರವೇ ಹೋಗುವುದಿಲ್ಲ. ಮಾನಸಿಕ ಆಘಾತಕ್ಕೆ (ಟ್ರಾಮಾ) ಕೊಡುವ ಚಿಕಿತ್ಸೆಯಲ್ಲಿ ಈ ಕ್ರಮ ಹೊಸದೇನಲ್ಲ. ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲೇ ಮೂರು ಘಟ್ಟಗಳನ್ನು ಸ್ಪಷ್ಟವಾಗಿ ಬರೆದಿಟ್ಟರು: ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ದುಃಖ, ಕೊನೆಗೆ ಜನರ ನಡುವಿನ ಬದುಕಿಗೆ ಮರಳುವುದು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. 'ಇನ್ನರ್ ಚೈಲ್ಡ್ ವರ್ಕ್' ಎಂಬ ಹೆಸರಿನಲ್ಲಿ ನಡೆಯುವುದೆಲ್ಲ ಪರೀಕ್ಷೆಗೆ ಒಳಪಟ್ಟ ಚಿಕಿತ್ಸೆಯಲ್ಲ. ಆ ಹೆಸರಿನಡಿ ಒಳ್ಳೆಯದೂ ಇದೆ, ಬುರುಡೆಯೂ ಇದೆ. ಆದರೆ ಅದರ ಕೆಲವು ಭಾಗಗಳಿಗೆ ಗಟ್ಟಿ ಆಧಾರವಿದೆ. ಮುಖ್ಯವಾದದ್ದು ಹಳೆಯ ದೃಶ್ಯವನ್ನು ಮನಸ್ಸಿನಲ್ಲಿ ಬೇರೆ ರೀತಿ ಮುಗಿಸುವ 'ಇಮೇಜರಿ ರಿಸ್ಕ್ರಿಪ್ಟಿಂಗ್'. ಕೆಳಗಿನ ಹಂತಗಳು ಅಂಥ ಭಾಗಗಳ ಮೇಲೆ ನಿಂತಿವೆ.

'ನಮಗೆ ಅಂಥದ್ದೇನೂ ಆಗಿಲ್ಲ' ಎನ್ನುವವರಿಗೆ

ಆಘಾತ ಎಂದರೆ ಲೈಂಗಿಕ ದೌರ್ಜನ್ಯ ಅಥವಾ ಮೂಳೆ ಮುರಿಯುವಂಥ ಹೊಡೆತ ಮಾತ್ರ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. 1995ರಿಂದ 1997ರವರೆಗೆ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ 17,000ಕ್ಕೂ ಹೆಚ್ಚು ವಯಸ್ಕರನ್ನು ಕೇಳಿ ಮಾಡಿದ 'ಏಸ್' (ಬಾಲ್ಯದ ಕಹಿ ಅನುಭವಗಳ) ಅಧ್ಯಯನದ ಪಟ್ಟಿ ಇದಕ್ಕಿಂತ ದೊಡ್ಡದು. ದೇಹಕ್ಕೆ, ಮನಸ್ಸಿಗೆ, ಲೈಂಗಿಕವಾಗಿ ಮಾಡಿದ ಹಿಂಸೆಯ ಜೊತೆಗೆ ಊಟ-ಬಟ್ಟೆಯ ನಿರ್ಲಕ್ಷ್ಯ, ಪ್ರೀತಿಯ ನಿರ್ಲಕ್ಷ್ಯ, ತಾಯಿಗೆ ಹೊಡೆಯುವುದನ್ನು ನೋಡಿದ್ದು, ಮನೆಯಲ್ಲಿ ಕುಡಿತ, ಮಾನಸಿಕ ಕಾಯಿಲೆ, ತಂದೆ-ತಾಯಿ ಬೇರೆಯಾದದ್ದು, ಮನೆಯವರು ಜೈಲಿಗೆ ಹೋದದ್ದು ಕೂಡ ಅದರಲ್ಲಿವೆ. ಇಂಥವು ಹೆಚ್ಚಾದಷ್ಟೂ ದೊಡ್ಡವರಾದ ಮೇಲೆ ಖಿನ್ನತೆ, ಕುಡಿತ, ಹೃದ್ರೋಗದಂಥ ತೊಂದರೆಗಳ ಸಾಧ್ಯತೆ ಏರುವುದು ಕಂಡುಬಂತು. ಇದು ಗುಂಪಿನ ಲೆಕ್ಕ. ಯಾರೊಬ್ಬರ ಹಣೆಬರಹವನ್ನೂ ಅದು ಹೇಳುವುದಿಲ್ಲ.

ನಮ್ಮ ಮನೆಗಳ ಪಟ್ಟಿಗೆ ಇನ್ನೂ ಕೆಲವನ್ನು ಸೇರಿಸಬಹುದು. ನೆಂಟರೆದುರು ಅವಮಾನ. 'ಪಕ್ಕದ್ಮನೆ ಹುಡುಗನ್ನ ನೋಡಿ ಕಲಿ' ಎಂಬ ದಿನನಿತ್ಯದ ಹೋಲಿಕೆ. ಅಮ್ಮ ವಾರಗಟ್ಟಲೆ ಮಾತು ಬಿಟ್ಟದ್ದು. ಐದಾರು ವರ್ಷಕ್ಕೇ ಹಾಸ್ಟೆಲ್ಲಿಗೋ ನೆಂಟರ ಮನೆಗೋ ಬಿಟ್ಟುಹೋದದ್ದು. 'ಇದೂ ಹೆಣ್ಣೇ' ಎಂಬ ಮಾತನ್ನು ಕೇಳಿಸಿಕೊಂಡೇ ಬೆಳೆದದ್ದು.

ಒಬ್ಬರೇ ಮಾಡಬಾರದವರು

ಸಾಯಬೇಕೆಂಬ ಯೋಚನೆ ಬರುತ್ತಿದ್ದರೆ, ಕೈ ಕೊಯ್ದುಕೊಳ್ಳುವ ಅಭ್ಯಾಸವಿದ್ದರೆ, ದಿನಾ ಕುಡಿಯುತ್ತಿದ್ದರೆ, ಯಾರೂ ಇಲ್ಲದಾಗ ದನಿ ಕೇಳಿಸುತ್ತಿದ್ದರೆ ಇದನ್ನು ಒಬ್ಬರೇ ಮಾಡಬೇಡಿ. ಒತ್ತಡದಲ್ಲಿ 'ಕಳೆದುಹೋಗುವ'ವರೂ ಹಾಗೆಯೇ. ಎದುರಿನವರ ಮಾತು ದೂರದಿಂದ ಕೇಳಿದಂತಾಗುವುದು, ಕೈಕಾಲು ನನ್ನದಲ್ಲ ಅನ್ನಿಸುವುದು, ಅರ್ಧ ಗಂಟೆ ಎಲ್ಲಿ ಹೋಯಿತೋ ತಿಳಿಯದಿರುವುದು ಅದರ ಲಕ್ಷಣ. ಬಾಲ್ಯದ ಲೈಂಗಿಕ ದೌರ್ಜನ್ಯದ ನೆನಪುಗಳನ್ನು ತರಬೇತಾದ ಥೆರಪಿಸ್ಟ್ ಜೊತೆಗೇ ತೆರೆಯಬೇಕು. ಹೊಡೆಯುವವರ ಜೊತೆ ಈಗಲೂ ಅದೇ ಮನೆಯಲ್ಲಿದ್ದರೆ ಮೊದಲ ಕೆಲಸ ಅಲ್ಲಿಂದ ಸುರಕ್ಷಿತವಾಗಿ ಹೊರಬರುವುದು. ಆ ಸ್ಥಿತಿಯಲ್ಲಿ ಕಾವಲು ಕಾಯುವ ಮನಸ್ಸು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ, ಅದನ್ನು ಸಡಿಲಿಸಬಾರದು.

ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸರ್ಕಾರಿ ಸೇವೆ ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅಭ್ಯಾಸ ಶುರು ಮಾಡುವ ಮೊದಲೇ ಇದನ್ನು ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಮನೋವೈದ್ಯರು ಕೊಟ್ಟ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಸ್ವಲ್ಪ ಹಗುರಾಯಿತೆಂದು ಅವರನ್ನು ಕೇಳದೆ ನಿಲ್ಲಿಸಬೇಡಿ.

ಹಂತ 1: ಬ್ರೇಕ್ ಹಾಕಲು ಕಲಿಯುವುದು (ಮೊದಲ ಎರಡು ವಾರ)

ಬೇಕಾದದ್ದು: 200 ಪುಟದ ಒಂದು ನೋಟ್‌ಬುಕ್, ಪೆನ್ನು, ಒಂದು ಲೋಟ ತಣ್ಣೀರು, ಫೋನಿನ ಟೈಮರ್, ದಿನಕ್ಕೆ 15 ನಿಮಿಷ. ಸ್ವಂತ ಕೋಣೆ ಇಲ್ಲದ ಮನೆಗಳಲ್ಲಿ ಸಿಗದೇ ಇರುವುದು ಈ 15 ನಿಮಿಷವೇ. ಟೆರೇಸ್, ನಿಲ್ಲಿಸಿದ ಕಾರು, ಜನ ಕಡಿಮೆ ಇರುವ ಹೊತ್ತಿನ ಪಾರ್ಕ್ ಬೆಂಚು, ಯಾವುದಾದರೂ ನಡೆದೀತು. ಮಲಗುವ ಮುಂಚಿನ ಹೊತ್ತು ಮಾತ್ರ ಬೇಡ. ಕಲಕಿದ ಮನಸ್ಸು ಹಾಸಿಗೆಯಲ್ಲಿ ಇನ್ನಷ್ಟು ಕಲಕುತ್ತದೆ. ಅಭ್ಯಾಸಕ್ಕೂ ನಿದ್ದೆಗೂ ನಡುವೆ ಕನಿಷ್ಠ ಎರಡು ಗಂಟೆ ಇರಲಿ.

ಮೊದಲು ಒಂದು ಅಳತೆ ರೂಢಿಸಿಕೊಳ್ಳಿ. 0 ಎಂದರೆ ಪೂರ್ತಿ ನಿರಾಳ, 10 ಎಂದರೆ ತಡೆಯಲಾರದ ಸಂಕಟ. ದಿನಕ್ಕೆ ಮೂರು ಸಲ, ತಿಂಡಿ, ಮಧ್ಯಾಹ್ನದ ಊಟ, ಸಂಜೆಯ ಕಾಫಿಯ ಹೊತ್ತಿಗೆ 'ಈಗ ಎಷ್ಟು?' ಎಂದು ಕೇಳಿಕೊಂಡು ಸಂಖ್ಯೆ ಬರೆಯಿರಿ. ಮುಂದಿನ ಎಲ್ಲ ಹಂತಗಳಲ್ಲೂ ಒಂದೇ ನಿಯಮ: 7 ಮುಟ್ಟಿದ ಕೂಡಲೇ ನಿಲ್ಲಿಸುವುದು. 'ಇನ್ನೇನು ಮುಗೀತು' ಎಂದು ಮುಂದುವರಿಯುವುದಲ್ಲ. 7ರ ಮೇಲೆ ಮನಸ್ಸು ಹೊಸದೇನನ್ನೂ ಕಲಿಯುವುದಿಲ್ಲ, ಹಳೆಯ ಭಯವನ್ನೇ ಮತ್ತೊಮ್ಮೆ ಅನುಭವಿಸುತ್ತದೆ.

ನಿಲ್ಲಿಸುವುದು ಹೇಗೆ ಎನ್ನುವುದನ್ನೂ ಮೊದಲೇ ಕಲಿತಿರಬೇಕು. ಕಣ್ಣು ತೆರೆದು ಎದ್ದು ನಿಲ್ಲಿ. ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ. ಕಾಣುವ ಐದು ವಸ್ತು, ಮುಟ್ಟಬಹುದಾದ ನಾಲ್ಕು, ಕೇಳುವ ಮೂರು ಸದ್ದು, ಎರಡು ವಾಸನೆ, ಒಂದು ರುಚಿ, ಇವನ್ನು ಬಾಯಿಬಿಟ್ಟು ಹೇಳಿ. ಆಮೇಲೆ ಇಂದಿನ ತಾರೀಖು, ನಿಮ್ಮ ವಯಸ್ಸು, ಈಗಿರುವ ಊರು. ವಯಸ್ಸು ಹೇಳುವುದನ್ನು ಬಿಡಬೇಡಿ, ದೊಡ್ಡವರನ್ನು ವಾಪಸ್ ಕರೆತರುವುದು ಅದೇ. ಇದಕ್ಕೆ ಗ್ರೌಂಡಿಂಗ್ ಎನ್ನುತ್ತಾರೆ. ಉಸಿರಾಟದ ಅಭ್ಯಾಸ ಒಗ್ಗುವವರು ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ, ಹತ್ತು ಸಲ ಮಾಡಬಹುದು. ಕೆಲವರಿಗೆ ಉಸಿರಿನ ಮೇಲೆ ಗಮನವಿಟ್ಟರೆ ಗಾಬರಿ ಹೆಚ್ಚುತ್ತದೆ. ಅಂಥವರು ಉಸಿರನ್ನು ಅದರ ಪಾಡಿಗೆ ಬಿಟ್ಟು ತಣ್ಣೀರಿನಲ್ಲಿ ಮುಖ ತೊಳೆಯಲಿ, ಐಸ್ ತುಂಡು ಹಿಡಿಯಲಿ.

ಇದನ್ನು ಆರಾಮಾಗಿರುವಾಗಲೇ ದಿನಾ ಎರಡು ಸಲ ಮಾಡಿ ರೂಢಿಯಾಗಿರಬೇಕು, ಗಾಬರಿಯ ಹೊತ್ತಿನಲ್ಲಿ ಹೊಸದಾಗಿ ಕಲಿಯಲಾಗದು. ಎರಡು ವಾರದ ಕೊನೆಗೆ 5ರಿಂದ 3ಕ್ಕೆ ಹತ್ತು ನಿಮಿಷದೊಳಗೆ ಇಳಿಯಲು ಬಂದರೆ ಮುಂದಿನ ಹಂತ. ಬರದಿದ್ದರೆ ಇನ್ನೆರಡು ವಾರ ಇಲ್ಲೇ ಇರಿ, ಅವಸರವೇನೂ ಇಲ್ಲ.

ಹಂತ 2: ಮಗು ಯಾವಾಗ ಎದ್ದು ಬರುತ್ತದೆ ಎಂದು ಗುರುತಿಸುವುದು

ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಹಾಕಿ: ಏನಾಯಿತು, ಮೈಯಲ್ಲಿ ಏನಾಯಿತು, ಆ ಕ್ಷಣ ನನಗೆ ಎಷ್ಟು ವಯಸ್ಸು ಅನ್ನಿಸಿತು, ಆಗ ಏನು ಬೇಕಿತ್ತು. ಮೂರು ವಾರ ತುಂಬಿಸಿ.

ಉದಾಹರಣೆಗೆ: 'ಸಂಜೆ ಸ್ವಲ್ಪ ಮಾತಾಡ್ಬೇಕು' ಎಂದು ಮ್ಯಾನೇಜರ್ ಮೆಸೇಜ್ ಹಾಕಿದರು / ಹೊಟ್ಟೆ ಹಿಡಿಯಿತು, ಅಂಗೈ ತಣ್ಣಗಾಯಿತು / 9 ವರ್ಷ / ಯಾತಕ್ಕೆ ಎಂದು ಮೊದಲೇ ಹೇಳಿದ್ದರೆ ಸಾಕಿತ್ತು.

ಇನ್ನೊಂದು: ಗಂಡ ಮಾತಾಡದೆ ಟಿವಿ ನೋಡುತ್ತಾ ಕೂತರು / ಗಂಟಲು ಕಟ್ಟಿತು / 6 ವರ್ಷ / 'ನಿನ್ ಮೇಲೆ ಕೋಪ ಇಲ್ಲ' ಅನ್ನಬೇಕಿತ್ತು.

ಮೂರನೇ ಕಾಲಂ ವಿಚಿತ್ರ ಅನ್ನಿಸುತ್ತದೆ. ತಲೆಗೆ ಬಂದ ಮೊದಲ ಸಂಖ್ಯೆಯನ್ನೇ ಬರೆಯಿರಿ, ತೂಗಿ ನೋಡಬೇಡಿ. ನಡೆದದ್ದು 2ರಷ್ಟು ಚಿಕ್ಕದಿದ್ದು ಸಂಕಟ 8ರಷ್ಟಿದ್ದರೆ ಆ ಉಳಿದ 6 ಹಳೆಯದು ಎಂದು ಇಟ್ಟುಕೊಳ್ಳಬಹುದು. ಮೂರು ವಾರವಾದ ಮೇಲೆ ಪುಟಗಳನ್ನು ಒಟ್ಟಿಗೆ ಓದಿ. ಬಹುತೇಕರಿಗೆ ಎರಡೋ ಮೂರೋ ವಯಸ್ಸುಗಳೇ ಮರುಕಳಿಸುತ್ತವೆ, ನಾಲ್ಕನೇ ಕಾಲಂನಲ್ಲಿ ಒಂದೇ ಬೇಡಿಕೆ ಬೇರೆ ಬೇರೆ ಮಾತಿನಲ್ಲಿ ಬಂದಿರುತ್ತದೆ. ಆ ಬೇಡಿಕೆಯನ್ನು ಒಂದು ಸಾಲಿನಲ್ಲಿ ಬರೆದು ಮೊದಲ ಪುಟದಲ್ಲಿ ಅಂಟಿಸಿಕೊಳ್ಳಿ. ಮುಂದಿನ ಕೆಲಸ ಅದರ ಸುತ್ತಲೇ ನಡೆಯುತ್ತದೆ.

ಹಂತ 3: ದೊಡ್ಡವರನ್ನು ಕಟ್ಟುವುದು

ಎಲ್ಲರೂ ಹಾರಿಸಿ ಮುಂದೆ ಹೋಗುವ ಹಂತ ಇದು. ಹೆಚ್ಚು ಸಮಯ ಬೇಡುವುದೂ ಇದೇ.

ಮಗುವಿನ ಮುಂದೆ ನಿಲ್ಲುವಾಗ ನಿಮ್ಮ ಬಾಯಲ್ಲಿ ಬರುವ ಮಾತು ಯಾರದ್ದು? 'ಇಷ್ಟಕ್ಕೆಲ್ಲ ಅಳ್ತಾರಾ', 'ನಿಂದೇ ತಪ್ಪು', 'ಗಂಡುಡ್ಗ ಆಗಿ ಹೀಗಾ' ಎಂದು ಬಂದರೆ ಅದು ನಿಮ್ಮೊಳಗೆ ಕೂತ ಅಪ್ಪನದೋ ಅಮ್ಮನದೋ ಮೇಷ್ಟ್ರದೋ ದನಿ. ಅದನ್ನು ಓಡಿಸಲು ಹೋಗಬೇಡಿ, ಜಗಳ ತೆಗೆದರೆ ಅದರ ಜೋರು ಹೆಚ್ಚುತ್ತದೆ. ಗುರುತಿಸಿ ಹೆಸರಿಟ್ಟರೆ ಸಾಕು: 'ಇದು ಅಪ್ಪನ ಮಾತು, ನಂದಲ್ಲ.' ಒಂದು ವಾರ ಇಷ್ಟನ್ನೇ ಮಾಡಿ.

ಆಮೇಲೆ ಆಸರೆಯಾಗಿದ್ದವರ ಪಟ್ಟಿ. ಬಾಲ್ಯದಲ್ಲಿ ಯಾರ ಹತ್ತಿರ ಇದ್ದಾಗ ಮೈ ಸಡಿಲವಾಗುತ್ತಿತ್ತು? ಅಜ್ಜಿ, ಸೋದರತ್ತೆ, ಹಿಂದಿ ಟೀಚರ್, ಪಕ್ಕದ ಮನೆಯ ಆಂಟಿ, ಪೆಪ್ಪರಮೆಂಟು ಕೊಡುತ್ತಿದ್ದ ಅಂಗಡಿಯವರು. ಎರಡು ನಿಮಿಷದ ಪರಿಚಯವಿದ್ದರೂ ನಡೆಯುತ್ತದೆ. ಅವರು ಹೇಗೆ ಕೂರುತ್ತಿದ್ದರು, ಏನಂತ ಕರೆಯುತ್ತಿದ್ದರು, ಕೈ ಹೇಗಿತ್ತು ಎಂದು ಐದು ಸಾಲು ಬರೆಯಿರಿ. ಯಾರೂ ನೆನಪಾಗದಿದ್ದರೆ ನೀವೇ ಯಾವುದಾದರೂ ಮಗುವನ್ನೋ ನಾಯಿಮರಿಯನ್ನೋ ಸಂತೈಸಿದ ಹೊತ್ತನ್ನು ನೆನೆಯಿರಿ. ಆ ಹೊತ್ತಿನ ನಿಮ್ಮ ದನಿಯೇ ಇಲ್ಲಿ ಬೇಕಾದದ್ದು.

ಈಗ ವಾಕ್ಯಗಳು. ದೊಡ್ಡವರು ಹೇಳಬೇಕಾದದ್ದನ್ನು ಮನೆಮಾತಿನಲ್ಲಿ, ಬಾಲ್ಯದಲ್ಲಿ ಕೇಳುತ್ತಿದ್ದ ಧಾಟಿಯಲ್ಲೇ ಬರೆಯಿರಿ. ಧಾರವಾಡದವರು ಧಾರವಾಡದ ಮಾತಿನಲ್ಲಿ, ಕುಂದಾಪುರದವರು ಕುಂದಗನ್ನಡದಲ್ಲಿ, ಮನೆಯಲ್ಲಿ ತುಳುವೋ ಕೊಂಕಣಿಯೋ ಉರ್ದುವೋ ಇದ್ದವರು ಅದರಲ್ಲೇ. ಇಂಗ್ಲಿಷ್ ಆಡಿಯೊದ 'ಯು ಆರ್ ಸೇಫ್' ಎಷ್ಟು ಕೇಳಿದರೂ ಎದೆಗೆ ತಾಗದಿರಲು ಕಾರಣ ಸರಳ: ಐದು ವರ್ಷದ ನಿಮಗೆ ಆ ಭಾಷೆ ಬರುತ್ತಿರಲಿಲ್ಲ. 'ಪುಟ್ಟಾ', 'ಕೂಸೇ', 'ಮಗಾ', 'ಅಪ್ಪೀ', ಪ್ರೀತಿಯಿಂದ ಕರೆದಾಗ ಯಾವ ಹೆಸರಿತ್ತೋ ಅದೇ ಇರಲಿ. ಬೈಯುವಾಗಲೂ ಅದೇ ಹೆಸರು ಬಳಸುತ್ತಿದ್ದರೆ ಬೇರೆಯದನ್ನು ಆರಿಸಿ.

ಮಾತು ಚಿಕ್ಕದಿರಲಿ, ನಿಜವಾಗಿರಲಿ, ನಿರ್ದಿಷ್ಟವಾಗಿರಲಿ. 'ನೀನು ಅಮೂಲ್ಯ, ನೀನು ಅದ್ಭುತ' ಎಂದರೆ ಹೊಡೆಸಿಕೊಂಡು ಬೆಳೆದ ಮಗು ನಂಬುವುದಿಲ್ಲ. 'ಲೆಕ್ಕ ಬರ್ಲಿಲ್ಲ ಅಂದ್ರೆ ಹೇಳಿಕೊಡ್ಬೇಕಿತ್ತು, ಹೊಡಿಬಾರ್ದಿತ್ತು' ಎಂದರೆ ನಂಬುತ್ತದೆ. 'ಇನ್ಮೇಲೆ ಏನೂ ಆಗಲ್ಲ' ಎಂಬ ಭರವಸೆ ಕೊಡಬೇಡಿ, ಅದು ನಿಮ್ಮ ಕೈಯಲ್ಲಿಲ್ಲ. 'ಏನಾದ್ರೂ ಆದ್ರೆ ನಾನಿರ್ತೀನಿ' ಎನ್ನಬಹುದು. ಇಂಥ ಆರೇಳು ವಾಕ್ಯ ಆದ ಮೇಲೆ ಫೋನಿನಲ್ಲಿ ನಿಮ್ಮದೇ ದನಿಯಲ್ಲಿ, ನಿಧಾನವಾಗಿ, ಎರಡು ನಿಮಿಷಕ್ಕೆ ಮೀರದಂತೆ ರೆಕಾರ್ಡ್ ಮಾಡಿ. ವಾರಪೂರ್ತಿ ದಿನಕ್ಕೊಮ್ಮೆ ಕೇಳಿ. ಮೊದಲ ನಾಲ್ಕೈದು ದಿನ ಮುಜುಗರವಾಗುವುದು ಸಹಜ.

ಹಂತ 4: ಪತ್ರ

ಚಿಕ್ಕಂದಿನ ಒಂದು ಫೋಟೊ ಇದ್ದರೆ ಎದುರಿಗಿಟ್ಟುಕೊಳ್ಳಿ. ಸ್ಕೂಲ್ ಗ್ರೂಪ್ ಫೋಟೊದಲ್ಲಿನ ಪುಟ್ಟ ಮುಖವೂ ಸಾಕು. ಫೋಟೊ ನೋಡಿದರೆ ಅಸಹ್ಯವೋ ಕೋಪವೋ ಬಂದರೆ ಅದೂ ತಿಳಿಯಬೇಕಾದ ವಿಷಯವೇ. ಅಂಥವರು ಇನ್ನೊಂದು ವಾರ ಹಂತ 3ಕ್ಕೆ ಹಿಂತಿರುಗಲಿ.

15 ನಿಮಿಷದ ಟೈಮರ್ ಇಟ್ಟು, ದೊಡ್ಡವರಾದ ನೀವು ಆ ಮಗುವಿಗೆ ಬರೆಯಿರಿ. ಕಾಗುಣಿತ, ಸಾಹಿತ್ಯ ಬೇಡ. ಮರುದಿನ ಇನ್ನೊಂದು 15 ನಿಮಿಷ, ಈ ಸಲ ಮಗು ನಿಮಗೆ ಬರೆಯುವಂತೆ. ಹೀಗೆ ಒಟ್ಟು ನಾಲ್ಕು ದಿನ. 1986ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮನಸ್ಸಿನ ಭಾರವನ್ನು ಬರೆಯುವ ಕುರಿತ ತಮ್ಮ ಮೊದಲ ಪ್ರಯೋಗದಲ್ಲಿ ಇಟ್ಟದ್ದೂ ಇದೇ ಅಳತೆ, ದಿನಕ್ಕೆ 15 ನಿಮಿಷದಂತೆ ಸತತ ನಾಲ್ಕು ದಿನ. ಬರೆದ ಕೂಡಲೇ ಮನಸ್ಸು ಭಾರವಾಗುವುದು ಸಾಮಾನ್ಯ, ಪ್ರಯೋಜನ ಇದ್ದರೆ ಆಮೇಲೆ ಕಾಣುತ್ತದೆ. ಮಗುವಿನ ಉತ್ತರವನ್ನು ಎಡಗೈಯಲ್ಲಿ ಬರೆಯಬೇಕೆಂದು ಹಲವರು ಹೇಳುತ್ತಾರೆ. ಅದರಲ್ಲಿ ಮಾಯೆಯೇನಿಲ್ಲ, ಕೈ ನಿಧಾನವಾಗುವುದರಿಂದ ಮಾತು ಚಿಕ್ಕದಾಗುತ್ತದೆ ಅಷ್ಟೆ. ಬೇಕಿದ್ದರೆ ಮಾಡಿ.

ನೋಟ್‌ಬುಕ್ ಯಾರ ಕೈಗೂ ಸಿಗದಂತೆ ಇಡಿ. ಅದು ಆಗದ ಮನೆಯಾದರೆ ಬರೆದ ಹಾಳೆಯನ್ನು ಹರಿದುಹಾಕಿ. ಬರೆದದ್ದರಲ್ಲೇ ಕೆಲಸ ಆಗಿರುತ್ತದೆ, ಕಾಪಿಡಬೇಕಿಲ್ಲ.

ಹಂತ 5: ದೃಶ್ಯವನ್ನು ಬೇರೆ ರೀತಿ ಮುಗಿಸುವುದು

ನೆದರ್ಲೆಂಡ್ಸ್‌ನ ಮನಶ್ಶಾಸ್ತ್ರಜ್ಞ ಆರ್ನೌಡ್ ಆರ್ನ್ಟ್ಜ್ ಮತ್ತು ಅನೋಕ್ ವೀರ್ಟ್‌ಮನ್ 1999ರಲ್ಲಿ ಬಾಲ್ಯದ ನೆನಪುಗಳಿಗಾಗಿ ವಿವರಿಸಿದ ಇಮೇಜರಿ ರಿಸ್ಕ್ರಿಪ್ಟಿಂಗ್ ವಿಧಾನದಲ್ಲಿ ಮೂರು ಭಾಗಗಳಿವೆ. ಆಗಿಹೋದದ್ದನ್ನು ಅಳಿಸುವುದು ಇದರ ಗುರಿಯಲ್ಲ. ಏನಾಯಿತು ಎಂಬುದು ನಿಮಗೆ ಗೊತ್ತೇ ಇರುತ್ತದೆ. ಬದಲಾಗಬೇಕಾದದ್ದು ಆ ದೃಶ್ಯ ಕಲಿಸಿದ ಪಾಠ, 'ನಾನು ಕೆಟ್ಟವನು, ನನಗೆ ಯಾರೂ ಇಲ್ಲ' ಎನ್ನುವುದು.

ದೃಶ್ಯದ ಆಯ್ಕೆಯಲ್ಲೇ ಅರ್ಧ ಗೆಲುವಿದೆ. ಬಾಲ್ಯದ ಎಂಟು ಹತ್ತು ನೋವಿನ ನೆನಪುಗಳನ್ನು ಒಂದೊಂದು ಸಾಲಿನಲ್ಲಿ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ 0–10ರ ಅಂಕ ಹಾಕಿ. 3 ಅಥವಾ 4 ಬಂದದ್ದನ್ನು ಆರಿಸಿ. 6ಕ್ಕಿಂತ ಮೇಲಿನವು ಥೆರಪಿಸ್ಟ್ ಜೊತೆಗೆ ಮಾಡಬೇಕಾದವು.

ಒಂದು ದೃಶ್ಯ ತೆಗೆದುಕೊಳ್ಳೋಣ. ನಾಲ್ಕನೇ ಕ್ಲಾಸಿನ ಹುಡುಗ, ಗಣಿತದಲ್ಲಿ ನೂರಕ್ಕೆ 38. ನೆಂಟರು ಕಾಫಿ ಕುಡಿಯುತ್ತಿದ್ದಾರೆ. ಅಪ್ಪ ಮಾರ್ಕ್ಸ್ ಕಾರ್ಡನ್ನು ಎಲ್ಲರಿಗೂ ತೋರಿಸಿ ನಗುತ್ತಾರೆ, ಆಮೇಲೆ ಕೆನ್ನೆಗೆ ಹೊಡೆಯುತ್ತಾರೆ. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಸುಮ್ಮನೆ ನೋಡುತ್ತಾರೆ.

ಮೊದಲ ಭಾಗ, ಮಗುವಿನ ಕಣ್ಣಿನಿಂದ. ಬೇಕಿದ್ದರೆ ಕಣ್ಣು ಅರೆತೆರೆದೇ ಇರಲಿ. ಎರಡು ಮೂರು ನಿಮಿಷ ಮಾತ್ರ. 'ನಾನು ನಿಂತಿದ್ದೀನಿ, ಕಾಲ ಕೆಳಗೆ ರೆಡ್ ಆಕ್ಸೈಡ್ ನೆಲ, ಅಪ್ಪ ಕಾರ್ಡ್ ಎತ್ತಿ ಹಿಡಿದಿದಾರೆ' ಎಂದು ವರ್ತಮಾನದಲ್ಲೇ ಹೇಳಿಕೊಳ್ಳಿ. ಅಪ್ಪನ ಕೈ ಮೇಲೇಳುವ ಕ್ಷಣಕ್ಕೆ ದೃಶ್ಯವನ್ನು ನಿಲ್ಲಿಸಿ, ಹೊಡೆತವನ್ನು ನೋಡಬೇಕಿಲ್ಲ. ಮಗುವಿಗೆ ಈಗ ಏನು ಬೇಕು ಎಂದು ಕೇಳಿ.

ಎರಡನೇ ಭಾಗ, ದೊಡ್ಡವರ ಕಣ್ಣಿನಿಂದ. ಇಂದಿನ ವಯಸ್ಸಿನ, ಇಂದಿನ ಬಟ್ಟೆಯ ನೀವು ಬಾಗಿಲಿನಿಂದ ಒಳಗೆ ಬನ್ನಿ. ಮೊದಲು ಹೊಡೆತ ನಿಲ್ಲಬೇಕು, ಸಮಾಧಾನ ಆಮೇಲೆ. ಅಪ್ಪನಿಗೂ ಮಗುವಿಗೂ ನಡುವೆ ನಿಂತು ಕೈ ಹಿಡಿಯಿರಿ: 'ಸಾಕು. ಇವನಿಗೆ ಒಂಬತ್ತು ವರ್ಷ. ನೆಂಟರ ಮುಂದೆ ಹೊಡೆಯೋದನ್ನ ನಾನು ಬಿಡಲ್ಲ.' ನೆಂಟರನ್ನು ಹೊರಗೆ ಕಳಿಸಿ. ಬೇಕಿದ್ದರೆ ಅಮ್ಮನಿಗೂ ಹೇಳಿ: 'ನೀವು ಮಾತಾಡ್ಬೇಕಿತ್ತು.' ಅಪ್ಪನನ್ನು ಎದುರಿಸಲು ಕಾಲು ನಡುಗಿದರೆ ಅವರು ಯಾರ ಮಾತು ಮೀರುತ್ತಿರಲಿಲ್ಲವೋ ಅವರನ್ನು ಜೊತೆಗೆ ಕರೆತನ್ನಿ. ತಾತ, ಹೆಡ್‌ಮಾಸ್ಟರು, ಪೊಲೀಸರು, ಯಾರಾದರೂ ಸರಿ. ಅಪ್ಪನ ಗಾತ್ರವನ್ನು ಚಿಕ್ಕದು ಮಾಡಿದರೂ ತಪ್ಪಿಲ್ಲ. ಇದು ನಿಮ್ಮ ಮನಸ್ಸಿನ ದೃಶ್ಯ, ಇಲ್ಲಿ ವಾಸ್ತವದ ಕಟ್ಟುಪಾಡಿಲ್ಲ. ಆದರೆ ತಿರುಗಿ ಹೊಡೆಯುವ ದೃಶ್ಯಕ್ಕೆ ಒಬ್ಬರೇ ಇರುವಾಗ ಇಳಿಯದಿರುವುದು ಒಳ್ಳೆಯದು, ಮುಖ್ಯವಾಗಿ ಕೋಪ ಕೈಮೀರುವವರು.

ಮೂರನೇ ಭಾಗ, ಮತ್ತೆ ಮಗುವಿನ ಕಣ್ಣಿನಿಂದ. ಇದನ್ನು ಬಿಟ್ಟರೆ ಉಳಿದದ್ದು ಬರೀ ಭಾಷಣವಾಗುತ್ತದೆ. ಆ ದೊಡ್ಡ ಮನುಷ್ಯ ಬಂದು ನಿಂತದ್ದು ಮಗುವಿಗೆ ಹೇಗೆ ಕಾಣುತ್ತದೆ? ಮೈಯಲ್ಲಿ ಏನಾಗುತ್ತದೆ? ಇನ್ನೂ ಏನು ಬೇಕು? ಸಾಮಾನ್ಯವಾಗಿ ಬೇಡಿಕೆ ಬಹಳ ಚಿಕ್ಕದು: ಇಲ್ಲಿಂದ ಹೊರಗೆ ಕರ್ಕೊಂಡ್ಹೋಗು, ಪಕ್ಕದಲ್ಲಿ ಕೂತ್ಕೋ, 38 ಬಂದ್ರೂ ಪರ್ವಾಗಿಲ್ಲ ಅನ್ನು. ಅದನ್ನು ದೃಶ್ಯದಲ್ಲಿ ನಡೆಸಿಕೊಡಿ. ಮಗುವಿನ ಉಸಿರು ಸಡಿಲವಾಗುವವರೆಗೆ ಇರಿ.

ಒಟ್ಟು 20ರಿಂದ 25 ನಿಮಿಷ. ಆಮೇಲೆ ಕಡ್ಡಾಯವಾಗಿ ಹತ್ತು ನಿಮಿಷ ಗ್ರೌಂಡಿಂಗ್, ಏನಾದರೂ ತಿನ್ನುವುದು, ಹೊರಗೆ ಸ್ವಲ್ಪ ನಡೆಯುವುದು. ವಾರಕ್ಕೊಮ್ಮೆ ಸಾಕು. ಅಂಕ 1ಕ್ಕೋ 2ಕ್ಕೋ ಇಳಿಯುವವರೆಗೆ ಅದೇ ದೃಶ್ಯವನ್ನು ಮತ್ತೆ ಮಾಡಿ, ಆಮೇಲೆ ಪಟ್ಟಿಯ ಮುಂದಿನದು.

ಎಲ್ಲಿ ಕೆಡುತ್ತದೆ, ಯಾಕೆ

ಏನೂ ಅನ್ನಿಸುವುದೇ ಇಲ್ಲ. ಇದು ಸೋಲಲ್ಲ, ಮರಗಟ್ಟುವುದು ಆ ಮಗು ಕಲಿತ ರಕ್ಷಣೆ. ಮುಂದೆ ತಳ್ಳದೆ 'ಏನೂ ಅನ್ನಿಸದಿರುವುದು ಮೈಯಲ್ಲಿ ಎಲ್ಲಿದೆ?' ಎಂದು ಮಾತ್ರ ಗಮನಿಸಿ.

ಮಗು ಹತ್ತಿರ ಬರುವುದಿಲ್ಲ, ಬೆನ್ನು ತಿರುಗಿಸುತ್ತದೆ. ಎಷ್ಟೋ ವರ್ಷದ ಮೇಲೆ ಬಂದ ದೊಡ್ಡವರನ್ನು ಅದು ಏಕೆ ನಂಬಬೇಕು? ಮುಟ್ಟಲು ಹೋಗದೆ ಆರು ಅಡಿ ದೂರ ಕೂತು, 'ನಾನಿಲ್ಲೇ ಇರ್ತೀನಿ, ನೀನು ಮಾತಾಡಬೇಕಿಲ್ಲ' ಎಂದರೆ ಆಯಿತು. ಕೆಲವು ವಾರ ಇಷ್ಟೇ ನಡೆದರೂ ಅದು ಕೆಲಸವೇ.

ದೊಡ್ಡವರೇ ಮಗುವನ್ನು ಬೈದುಬಿಡುತ್ತಾರೆ. ದೃಶ್ಯದೊಳಗೆ ಬಂದವರು ನೀವಲ್ಲ, ಆ ಹಳೆಯ ದನಿ ಎಂದರ್ಥ. ನಿಲ್ಲಿಸಿ, ಹಂತ 3ಕ್ಕೆ.

ಹೊಸ ನೆನಪುಗಳು 'ಏಳುತ್ತವೆ'. ಇಲ್ಲಿ ಬಹಳ ಎಚ್ಚರ ಬೇಕು. ನೆನಪು ವಿಡಿಯೊ ಅಲ್ಲ. 1995ರಲ್ಲಿ ನೆನಪಿನ ಸಂಶೋಧಕರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾಕ್ವೆಲಿನ್ ಪಿಕ್ರೆಲ್ ನಡೆಸಿದ ಪ್ರಯೋಗದಲ್ಲಿ, ಚಿಕ್ಕಂದಿನಲ್ಲಿ ಮಾಲ್‌ನಲ್ಲಿ ಕಳೆದುಹೋಗಿದ್ದಿರಿ ಎಂಬ ಸುಳ್ಳು ಕಥೆ ಕೇಳಿದವರಲ್ಲಿ ಸುಮಾರು ಕಾಲುಭಾಗ ಜನ ಅದನ್ನು ಪೂರ್ತಿಯಾಗಿಯೋ ಭಾಗಶಃವೋ 'ನೆನಪಿಸಿಕೊಂಡರು'. ಹಾಗಾಗಿ ಮೊದಲಿಂದ ಗೊತ್ತಿರುವ ನೆನಪುಗಳ ಮೇಲಷ್ಟೇ ಕೆಲಸ ಮಾಡಿ. ಹೊಟ್ಟೆಯಲ್ಲಿದ್ದಾಗಿನ ನೆನಪು, ಹಿಂದಿನ ಜನ್ಮದ ನೆನಪು ತೆಗೆಸುತ್ತೇವೆ ಎನ್ನುವವರಿಂದ ದೂರವಿರಿ. ಮನಸ್ಸು ಕೇಳಿದ್ದಕ್ಕೆಲ್ಲ ಚಿತ್ರ ಕೊಡುತ್ತದೆ.

ಅಭ್ಯಾಸದ ಉರಿಯಲ್ಲಿ ಅಪ್ಪ-ಅಮ್ಮನಿಗೆ ಫೋನ್ ಮಾಡುವುದು, ಯುಗಾದಿಗೆ ಊರಿಗೆ ಹೋದಾಗ ಎಲ್ಲರೆದುರು ಹಳೆಯದನ್ನು ಎತ್ತುವುದು. 'ನಾವು ಹೊಡೆದಿದ್ದಕ್ಕೇ ನೀನು ಇವತ್ತು ಇಂಜಿನಿಯರ್' ಎಂಬ ಉತ್ತರ ಬರುತ್ತದೆ, ಮಗು ಎರಡನೇ ಸಲ ಹೊಡೆತ ತಿನ್ನುತ್ತದೆ. ಮಾತಾಡಲೇಬೇಕೆಂದಿದ್ದರೆ ಮೂರು ತಿಂಗಳು ಕಾಯಿರಿ. ಅವರು ಒಪ್ಪದಿದ್ದರೂ ನಿಮಗೆ ಏನೂ ಆಗದು ಎನ್ನುವ ಸ್ಥಿತಿ ಬಂದ ಮೇಲೆ, ಒಬ್ಬರ ಹತ್ತಿರ, ಒಂದೇ ಒಂದು ಘಟನೆಯ ಬಗ್ಗೆ ಮಾತಾಡಿ.

ಇದರ ಬೆನ್ನಿಗೇ ಬರುವುದು ಅಪರಾಧಿ ಭಾವ. 'ಹೊಟ್ಟೆ ಬಟ್ಟೆ ಕಟ್ಟಿ ಓದಿಸಿದವರನ್ನು ದೂರುತ್ತಿದ್ದೀನಲ್ಲ' ಎಂದು ಹಲವರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಒಂದು ಪುಟವನ್ನು ಎರಡು ಮಾಡಿ. ಎಡಕ್ಕೆ ಅವರು ಕೊಟ್ಟದ್ದು: ಫೀಸು, ಜ್ವರದಲ್ಲಿ ಎದ್ದು ಕೂತ ರಾತ್ರಿ, ತಾವು ಉಡದೆ ಕೊಡಿಸಿದ ಬಟ್ಟೆ. ಬಲಕ್ಕೆ ಕೊಡದಿದ್ದದ್ದು ಅಥವಾ ಮಾಡಬಾರದ್ದನ್ನು ಮಾಡಿದ್ದು. ಎರಡೂ ನಿಜ, ಒಂದು ಇನ್ನೊಂದನ್ನು ವಜಾ ಮಾಡುವುದಿಲ್ಲ. ಅವರ ಬಾಲ್ಯ ಇನ್ನೂ ಕಷ್ಟದ್ದಿರಬಹುದು. ಅದು ಕಾರಣವನ್ನು ವಿವರಿಸುತ್ತದೆ, ಒಂಬತ್ತು ವರ್ಷದ ಕೆನ್ನೆಯ ಉರಿಯನ್ನು ಕಡಿಮೆ ಮಾಡುವುದಿಲ್ಲ. ಕ್ಷಮಿಸಲೇಬೇಕೆಂಬ ಒತ್ತಾಯ ಈ ಅಭ್ಯಾಸದಲ್ಲಿಲ್ಲ. ಅದು ಆದರೆ ಆಗಲಿ.

ಹಂತ 6: ದಿನದ ಬದುಕಿನಲ್ಲಿ

ಮಗುವಿಗೆ ಕೊಟ್ಟ ಮಾತು ಕಲ್ಪನೆಯಲ್ಲೇ ಉಳಿದರೆ ಅದಕ್ಕೆ ಬೆಲೆಯಿಲ್ಲ. ವಾರಕ್ಕೆ ಒಂದು ಚಿಕ್ಕ ಭರವಸೆ, ಖಂಡಿತ ಉಳಿಸಿಕೊಳ್ಳುವಂಥದ್ದು: ಮಧ್ಯಾಹ್ನ ಎರಡರೊಳಗೆ ಊಟ, ಭಾನುವಾರ ಅರ್ಧ ಗಂಟೆ ಚಿತ್ರ ಬಿಡಿಸುವುದು ಅಥವಾ ಶಟಲ್ ಆಡುವುದು, ಒಬ್ಬರಿಗೆ 'ಆಗಲ್ಲ' ಎನ್ನುವುದು. ಐದು ಭರವಸೆ ಕೊಟ್ಟು ಮೂರು ಮುರಿಯುವುದಕ್ಕಿಂತ ಒಂದನ್ನು ಉಳಿಸಿಕೊಳ್ಳುವುದು ಮೇಲು. ಮುರಿದ ಮಾತು ಆ ಮಗುವಿಗೆ ಚೆನ್ನಾಗಿ ಪರಿಚಯವಿದೆ.

ಯಾರ ಹತ್ತಿರ ಹೋಗುವುದು

ಆರು ವಾರದಲ್ಲಿ ನಿದ್ದೆ, ಕೆಲಸ, ಸಂಬಂಧ ಮೊದಲಿಗಿಂತ ಕೆಟ್ಟರೆ, ಹಗಲಿನಲ್ಲಿ ದೃಶ್ಯಗಳು ನುಗ್ಗಿ ಬಂದರೆ ನಿಲ್ಲಿಸಿ ಸಹಾಯ ತೆಗೆದುಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗ ಸರ್ಕಾರಿ ಬಾಗಿಲುಗಳು. ಖಾಸಗಿಯಾಗಿ ಹುಡುಕುವಾಗ ಕ್ಲಿನಿಕಲ್ ಸೈಕಾಲಜಿಸ್ಟ್ ಎನ್ನುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಿ, ಕೇಳುವುದು ಅವಮಾನವಲ್ಲ. ಮೊದಲ ಭೇಟಿಯಲ್ಲೇ ಇನ್ನೂ ಮೂರು ಪ್ರಶ್ನೆ: ಆಘಾತಕ್ಕೆ ಯಾವ ವಿಧಾನ ಬಳಸುತ್ತೀರಿ, ನಡುವೆ ನಾನು ತೀರಾ ಕಲಕಿದರೆ ಏನು ಮಾಡುತ್ತೀರಿ, ನೆನಪುಗಳಿಗೆ ಕೈಹಾಕುವ ಮೊದಲು ಮನಸ್ಸು ಸ್ಥಿರವಾಗಲು ಎಷ್ಟು ಭೇಟಿ ಮೀಸಲಿಡುತ್ತೀರಿ. ಆಘಾತ ಕೇಂದ್ರಿತ ಸಿಬಿಟಿ (ಯೋಚನೆ, ನಡವಳಿಕೆಯನ್ನು ಬದಲಿಸುವ ಮಾತಿನ ಚಿಕಿತ್ಸೆ) ಮತ್ತು ಇಎಂಡಿಆರ್ (ನೆನಪಿನ ಜೊತೆ ಕಣ್ಣಿನ ಚಲನೆ ಬಳಸುವ ಚಿಕಿತ್ಸೆ), ಇವೆರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆಗೆ ಶಿಫಾರಸು ಮಾಡಿದೆ. ಎರಡೇ ದಿನದ ಶಿಬಿರದಲ್ಲಿ ನೂರು ಜನರ ನಡುವೆ ಅಳಿಸಿ ಕಳಿಸುವವರಲ್ಲಿ ಸೋಮವಾರ ಬೆಳಿಗ್ಗೆ ಫೋನ್ ಎತ್ತುವವರು ಯಾರು ಎಂದು ಕೇಳಿ ನೋಡಿ. ದೌರ್ಜನ್ಯ ಮಾಡಿದವರು ಇಂದಿಗೂ ಬೇರೆ ಮಕ್ಕಳ ಹತ್ತಿರ ಇದ್ದಾರೆ ಎಂದಾದರೆ ಮಕ್ಕಳ ಸಹಾಯವಾಣಿ 1098.

ನಿಮಗೇ ಮಕ್ಕಳಿದ್ದರೆ ಈ ಅವಧಿಯಲ್ಲಿ ಒಂದು ವಿಷಯ ಕಾಡುತ್ತದೆ: ಅಪ್ಪನ ಮಾತೇ ನಿಮ್ಮ ಬಾಯಿಂದ ನಿಮ್ಮ ಮಗುವಿನ ಮೇಲೆ ಬೀಳುತ್ತದೆ. ಹಾಗಾದ ದಿನ ಅವರನ್ನು ಕೂರಿಸಿಕೊಂಡು ದೊಡ್ಡ ವಿವರಣೆ ಕೊಡಬೇಡಿ, ನಿಮ್ಮ ಬಾಲ್ಯದ ಕಥೆಯಂತೂ ಬೇಡವೇ ಬೇಡ. ಮಗುವಿಗೆ ಅದು ಹೊರೆ. ನಿಮ್ಮ ಅಂಕ 4ಕ್ಕಿಂತ ಕೆಳಗಿಳಿದ ಮೇಲೆ, ಅದೇ ದಿನ, ಮಗುವಿನ ಎತ್ತರಕ್ಕೆ ಕೂತು: 'ನಾನು ಕಿರುಚಿದೆ. ಅದು ತಪ್ಪು. ಹೋಮ್‌ವರ್ಕ್ ಇನ್ನೂ ಮಾಡ್ಬೇಕು, ಆದ್ರೆ ನಿನ್ನನ್ನ ಹೆದರಿಸೋ ಹಾಗಿರಲಿಲ್ಲ.' ಅಷ್ಟು ಹೇಳಿ ಹೋಮ್‌ವರ್ಕ್ ಪುಸ್ತಕ ತೆಗೆಯಿರಿ.